ಆದರ್ಶನ ಹಳೇ ಕ್ಯಾಮೆರಾ

ವಾಲ್ಪಾರೈ
21 ಆಗಸ್ಟ್ 2005

ಅಕ್ಕನಿಗೆ ಉಮಾಪತಿಯ ನಮಸ್ಕಾರ.

ಎಸ್ಟೇಟ್ ಆಫೀಸಿನಲ್ಲಿ ಕೂತು ಬರೀತಿದ್ದೀನಿ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮನೆ ಫೋನು ಅಮ್ಮನ ಮಂಚದ ತಲೆಗೇ ಇದೆ, ನೀನು ಆ ಕಡೆ ಬರೀ ಹೂಂ ಹೂಂ ಅಂದರೂ ಅವಳಿಗೆ ಪೂರ್ತಿ ವಿಷಯ ಗೊತ್ತಾಗಿಬಿಡುತ್ತೆ. ಕಾಗದವಾದರೆ ನಿಶ್ಚಿಂತೆ. ಪೆರಿಯನಾಯಕನಪಾಳ್ಯದ ಆ ಮನೆ ತುಂಬ ಜನ ಕನ್ನಡ ಮಾತಾಡ್ತಾರೆ, ಓದೋಕೆ ಬರೋದು ಮಾತ್ರ ಕೊಳ್ಳೇಗಾಲದಿಂದ ಮದುವೆಯಾಗಿ ಹೋದ ನಿನಗೊಬ್ಬಳಿಗೇ. ಭಾವನ ಎದುರಿಗೇ ಕೂತು ಓದಿಕೋ.

ಇಲ್ಲಿ ಆದರ್ಶ್ ಅಂತ ಅಸಿಸ್ಟೆಂಟ್ ಮ್ಯಾನೇಜರ್ ಒಬ್ಬ ಇದ್ದಾನೆ, ತುಮಕೂರಿನ ಕಡೆಯವನು. ಹುದ್ದೆಯಲ್ಲಿ ನನ್ನ ಮೇಲಿನವನು, ವಯಸ್ಸಿನಲ್ಲಿ ಮಗನ ಹಾಗೆ. ಕನ್ನಡ ಮಾತಾಡೋಕೆ ಅಂತ ಸಂಜೆ ನನ್ನ ಮನೆಗೆ ಬಂದು, ನಾನು ಮಾಡಿದ ಉಪ್ಪಿಟ್ಟು ತಿಂದು, ಚೆನ್ನಾಗಿದೆ ಅಂತ ಸುಳ್ಳು ಹೇಳಿ ಹೋಗ್ತಾನೆ. ಅವನು ಹೊಸ ಡಿಜಿಟಲ್ ಕ್ಯಾಮೆರಾ ತಗೊಂಡಿದ್ದಾನೆ. ಹಳೇದನ್ನ ನನಗೆ ಕೊಡ್ತೀನಿ ಅಂತಿದ್ದಾನೆ. ಬೆಲೆ ಜಾಸ್ತಿ ಏನಿಲ್ಲ, ಕೊಳ್ಳೋದೋ ಬೇಡವೋ ಅನ್ನೋದೇ ಯೋಚನೆ.

ಸೋಪಿನ ಡಬ್ಬಿಯಷ್ಟು ದಪ್ಪ ಇದೆ. ರೋಲ್ ಹಾಕೋದು, ತೊಳೆಸೋದು ಯಾವುದೂ ಇಲ್ಲ. ಫೋಟೋ ತೆಗೆದ ಕೂಡಲೇ ಹಿಂದುಗಡೆ ಸಣ್ಣ ಪರದೆಯಲ್ಲಿ ಕಾಣುತ್ತೆ, ಬೇಡ ಅಂದರೆ ಅಳಿಸಬಹುದು. ಆದರೆ ಮಾಡೆಲ್ ಹಳೇದು. ಸೆಲ್ ಬಹಳ ತಿನ್ನುತ್ತೆ. ಈಗಿನವಕ್ಕೆ ಹೋಲಿಸಿದರೆ ಫೋಟೋ ಕೂಡ ಅಷ್ಟು ಚೊಕ್ಕ ಬರಲ್ಲ ಅಂತ ಅವನೇ ಹೇಳಿದ. ಮಾರೋನೇ ಹೀಗೆ ಹೇಳಿದರೆ ಕೊಳ್ಳೋನು ಏನು ಮಾಡಬೇಕು ಹೇಳು.

ನಿನಗೆ ಯಾಕೆ ಬರೀತಿದ್ದೀನಿ ಅಂದರೆ, ಇದು ನನಗಾಗಿ ಅಲ್ಲ. ನನಗೆ ಅಮ್ಮನ ಒಂದು ಫೋಟೋ ಬೇಕು. ಅವಳು ಇದ್ದಾಗಲೇ ತೆಗೆದದ್ದು, ಅವಳೇ ಕಣ್ಣು ಬಿಟ್ಟುಕೊಂಡಿರೋದು. ಹೋದ ತಿಂಗಳು ಬಂದಾಗ ಅವಳ ಕೈ ಹಿಡಿದೆ, ಬಳೆ ಮೊಣಕೈವರೆಗೂ ಜಾರಿ ಹೋಯ್ತು. ಬಸ್ಸಿನಲ್ಲಿ ಘಟ್ಟ ಹತ್ತುವಷ್ಟು ಹೊತ್ತೂ ಅದೇ ನೆನಪು.

ನೀನು ಏನಂತೀಯ ಬರಿ.

ನಿನ್ನ ತಮ್ಮ,
ಉಮಾಪತಿ

*

ಪೆರಿಯನಾಯಕನಪಾಳ್ಯಂ
2 ಸೆಪ್ಟೆಂಬರ್ 2005

ಉಮಾಪತಿಗೆ ಅಕ್ಕ ಲೀಲಳ ಆಶೀರ್ವಾದ.

ನಿನ್ನ ಕಾಗದ ಟಿವಿ ಮೇಲೆ ಬಿಚ್ಚಿಟ್ಟೇ ಇದ್ದೆ. ನಿಮ್ಮ ಭಾವ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ, "ಏನಂತೆ ಮಚ್ಚಾನ್ ಸಮಾಚಾರ?" ಅಂದರು. ಚಳಿ ಜಾಸ್ತಿಯಂತೆ, ಸ್ವೆಟರ್ ಬೇಕಂತೆ ಅಂದೆ. ಪಾಪ, ನಂಬಿದರು. ಅವರು ಸ್ವೆಟರ್ ತಂದರೆ ಹಾಕ್ಕೋ.

ಕ್ಯಾಮೆರಾ ಬೇಡ ಕಣೋ. ಒಬ್ಬ ಕೈ ತೊಳ್ಕೊಂಡ ಸಾಮಾನು ನಿನಗೇ ಬೇಕಾ? ಮೊದಲು ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ತಗೊಂಡು ಆ ಘಟ್ಟದಲ್ಲಿ ತಳ್ಳಿಕೊಂಡು ಓಡಾಡಿದ್ದು ಮರೆತೋಯ್ತಾ? ಅಮ್ಮನ ಫೋಟೋ ಬೇಕು ಅನ್ನೋದಾದರೆ ಇಲ್ಲಿ ಮೆಟ್ಟುಪಾಳ್ಯಂ ರೋಡಿನಲ್ಲೇ ಪ್ರಭಾಕರನ್ ಸ್ಟುಡಿಯೋ ಇದೆ. ಕರೆದರೆ ಮನೆಗೇ ಬರ್ತಾನೆ. ತೊಂದರೆ ಕ್ಯಾಮೆರಾದ್ದಲ್ಲ, ಅಮ್ಮನದು.

ನಿನಗೆ ಗೊತ್ತಿಲ್ವಾ ಅವಳು? ವೋಟಿನ ಕಾರ್ಡಿಗೆ ಫೋಟೋ ಹಿಡೀತಾರೆ ಅಂತ ವೋಟನ್ನೇ ಬಿಟ್ಟವಳು. ಕೌನ್ಸಿಲರೇ ಬಂದು "ಅಜ್ಜಿ, ಒಂದು ನಿಮಿಷ ಕೂತ್ಕೊಳ್ಳಿ" ಅಂತ ಗೋಗರೆದರೆ, ನೀನೇ ಗೆದ್ದುಕೋ ಮಗಾ, ನಾನು ಬೇಡ ಅನ್ನಲ್ಲ ಅಂದಳು. ಕೊಳ್ಳೇಗಾಲದ ನಮ್ಮ ಮನೇಲಿ ಫೋಟೋ ಅಂದರೆ ಹೋದವರಿಗೆ ಮಾತ್ರ ತೆಗೆಸೋದು. ತಾತ ಹೋದಾಗ ಬಂದ ಫೋಟೋದವನು ಮತ್ತೆ ನಮ್ಮ ಬಾಗಿಲಿಗೆ ಬಂದದ್ದು ಅಪ್ಪ ಹೋದಾಗಲೇ. ನನ್ನ ಮದುವೆಗೂ ಕರೆಸಲಿಲ್ಲ. ಶುಭಕಾರ್ಯಕ್ಕೆ ಅವನ್ಯಾಕೆ ಅಂತ ಅಮ್ಮನೇ ಅಂದಿದ್ದು. ಈಗ ನೀನು ಡಬ್ಬಿ ಹಿಡ್ಕೊಂಡು ಅವಳ ಮುಂದೆ ನಿಂತರೆ, ನನ್ನ ಕಥೆ ಮುಗೀತು ಅಂತ ಮಕ್ಕಳೇ ಸಾರಿದರು ಅಂದ್ಕೊಳ್ತಾಳೆ.

ಫೋಟೋದಿಂದ ಏನು ಸುಖ ಬಂತು ಹೇಳು. ಅಪ್ಪ ಹೋದಾಗ ತಂತಿ ತಡವಾಗಿ ಸಿಕ್ಕಿ, ಸತ್ಯಮಂಗಲದ ಕಾಡು ದಾಟಿ ನಾನು ಊರು ಸೇರೋ ಹೊತ್ತಿಗೆ ಎಲ್ಲ ಮುಗಿದಿತ್ತು. ನನಗೆ ಸಿಕ್ಕಿದ್ದು ಆ ಫೋಟೋ ಒಂದೇ. ಮುಚ್ಚಿದ ಕಣ್ಣಿನ ಮೇಲೆ ಸ್ಟುಡಿಯೋದವನು ಕಣ್ಣು ಬರೆದ ಫೋಟೋ. ಅಪ್ಪನಿಗೆ ಮಗ್ಗದ ಹಾಸಿನ ದಾರ ನೋಡಿ ನೋಡಿ ಎಡಗಣ್ಣು ಸದಾ ಅರ್ಧ ಮುಚ್ಚೇ ಇರ್ತಿತ್ತು, ನೆನಪಿದೆಯಾ? ನಮ್ಮನ್ನ ಬೈಯುವಾಗಲೂ ಕಣ್ಣು ಹೊಡೆದ ಹಾಗೆ ಕಾಣ್ತಿತ್ತು, ನಾವು ನಗು ತಡೆಯೋಕಾಗದೆ ಮಗ್ಗದ ಗುಂಡಿಯೊಳಗೆ ಅವಿತುಕೊಳ್ತಿದ್ವಿ. ಫೋಟೋದಲ್ಲಿ ಎರಡು ಕಣ್ಣೂ ಇಷ್ಟಗಲ, ನಾಟಕದ ರಾಜನ ಹಾಗೆ. ಇಷ್ಟು ವರ್ಷದಿಂದ ದಿನಾ ಹೂ ಇಡ್ತಾ ಇದ್ದೀನಿ, ಆ ಕಣ್ಣು ಯಾರದ್ದೋ ಏನೋ. ಅಪ್ಪನ ನಿಜವಾದ ಮುಖ ನೆನೆಸ್ಕೊಳ್ಳೋಣ ಅಂತ ಕೂತರೆ ಈಗ ಆ ರಾಜನೇ ಅಡ್ಡ ಬರ್ತಾನೆ.

ಅದಕ್ಕೇ ಬೇಡ ಅಂದಿದ್ದು. ಅಮ್ಮ ಚೆನ್ನಾಗಿದ್ದಾಳೆ. ರಾಟೆ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತಾಳೆ, ನಿಮ್ಮ ಭಾವನ ಪವರ್‌ಲೂಮಿಗೆ ಅದು ಬೇಕಿಲ್ಲ ಅಂದರೂ ಬಿಡಲ್ಲ.

ನಿನ್ನ ಅಕ್ಕ,
ಲೀಲಮ್ಮ

*

ವಾಲ್ಪಾರೈ
19 ಸೆಪ್ಟೆಂಬರ್ 2005

ಅಕ್ಕ,

ನೀನು ಬೇಡ ಅಂದಮೇಲೆ ಬಿಟ್ಟುಬಿಡೋಣ ಅಂದುಕೊಂಡೆ. ಎಸ್ಟೇಟ್ ಕೆಲಸದ ಮೇಲೆ ಕೊಯಮತ್ತೂರಿಗೆ ಇಳಿದಿದ್ದೆ, ಹೊತ್ತಾಗಿ ನಿಮ್ಮನೆಗೆ ಬರಲಾಗಲಿಲ್ಲ, ಬೈಯಬೇಡ. ಗಾಂಧಿಪುರದ ಕ್ಯಾಮೆರಾ ಅಂಗಡಿಯಲ್ಲಿ ಆದರ್ಶನ ಕ್ಯಾಮೆರಾ ತೋರಿಸಿದೆ. ಅಂಗಡಿಯವನು ಅದನ್ನ ಹಳೇ ಪರಿಚಯದವರನ್ನ ನೋಡೋ ಹಾಗೆ ನೋಡಿದ. ಒಳಗಿನ ಕಾರ್ಡು ಈಗ ಬರೋದು ನಿಂತುಹೋಗಿದೆಯಂತೆ. ಅದು ಕೆಟ್ಟರೆ ಕ್ಯಾಮೆರಾನೂ ಹೋದ ಹಾಗೇ. ಇನ್ನೊಂದು ವರ್ಷ ತಡೆದರೆ ಇದೇ ಬೆಲೆಗೆ ಹೊಸದು ಬರುತ್ತೆ, ಕಾಯಿರಿ ಸಾರ್ ಅಂದ. ಬುದ್ಧಿ ಇದ್ದೋನು ಕಾಯ್ತಾನೆ. ಅಮ್ಮನಿಗೆ ಎಂಬತ್ತು ದಾಟಿದೆ, ಕಾಯೋದು ಹೇಗೆ ಅಂತ ಅವನನ್ನ ಕೇಳಲಿಲ್ಲ.

ಅಪ್ಪನ ಫೋಟೋ ವಿಷಯ ಬರೆದೆಯಲ್ಲ, ಓದಿದ ಮೇಲೆ ಕೈಯಲ್ಲಿದ್ದ ಕೆಲಸ ಸಾಗಲಿಲ್ಲ. ಒಂದು ಮಾತು ನಿನಗೆ ಯಾವತ್ತೂ ಹೇಳಿಲ್ಲ. ಹೇಳೋ ಹಾಗೆ ಯಾರೂ ಕೇಳಲಿಲ್ಲ.

ಆವತ್ತು ಅಪ್ಪನನ್ನ ಕುರ್ಚಿಯಲ್ಲಿ ಕೂರಿಸಿದರು. ತಲೆ ನಿಲ್ತಿರಲಿಲ್ಲ, ಎದೆ ಮೇಲೆ ಬೀಳ್ತಿತ್ತು. ಕುರ್ಚಿಯ ಹಿಂದೆ ಬಿಳೀ ಪಂಚೆ ಕಟ್ಟಿ, ಅದರ ಹಿಂದೆ ನನ್ನನ್ನ ನಿಲ್ಲಿಸಿದರು. ಮಗ ಅಲ್ವಾ, ನೀನೇ ಹಿಡ್ಕೋ ಅಂದರು. ಪಂಚೆಯ ಸಂದಿಯಿಂದ ಕೈ ತೂರಿಸಿ ಅಪ್ಪನ ತಲೆ ಎತ್ತಿ ಹಿಡಿದೆ. ಫೋಟೋದವನು, ಅಲುಗಬೇಡ ಅಂದ. ಅಂದದ್ದು ನನಗೆ. ಆಗ ನನಗಿನ್ನೂ ಮೀಸೆ ಮೂಡಿರಲಿಲ್ಲ.

ಫೋಟೋದಲ್ಲಿ ಅಪ್ಪನ ಕಿವಿ ಹಿಂದೆ ಕಪ್ಪಗೆ ಇದೆಯಲ್ಲ, ಕೂದಲು ಅಂದುಕೊಂಡಿದ್ದೀಯ ನೀನು. ಅಪ್ಪನಿಗೆ ಅಲ್ಲಿ ಕೂದಲೇ ಇರಲಿಲ್ಲ. ಅಲ್ಲಿ ನನ್ನ ಬೆರಳು ಕಾಣ್ತಿತ್ತು. ಸ್ಟುಡಿಯೋದವನು ಬಣ್ಣ ಬಳಿದು ಮುಚ್ಚಿದ. ನಿಮ್ಮನೆಗೆ ಬಂದಾಗಲೆಲ್ಲ ಆ ಗೋಡೆಗೆ ಬೆನ್ನು ಮಾಡಿ ಊಟಕ್ಕೆ ಕೂರ್ತೀನಿ, ನೀನು ಗಮನಿಸಿದ್ದೀಯೋ ಇಲ್ವೋ.

ಅಮ್ಮನಿಗೂ ಅದೇ ಶಾಸ್ತ್ರ ಆಗುತ್ತೆ. ಭಾವ ಪ್ರಭಾಕರನ್‌ನ ಕರೆಸ್ತಾರೆ, ಕುರ್ಚಿ ಹಾಕ್ತಾರೆ, ಮಗ ಎಲ್ಲಿ ಅಂತ ಹುಡುಕ್ತಾರೆ. ನನ್ನ ಕೈಲಿ ಆಗಲ್ಲ ಅಕ್ಕ. ಅವಳ ಜೀವಂತ ಫೋಟೋ ಒಂದಿದ್ದರೆ ಅದನ್ನ ತೋರಿಸಿ, ಇದೇ ಸಾಕು, ಕುರ್ಚಿ ತೆಗೀರಿ ಅನ್ನಬಹುದು. ಇಷ್ಟೇ ನನ್ನ ಆಸೆ.

ಉಮಾಪತಿ

*

ಪೆರಿಯನಾಯಕನಪಾಳ್ಯಂ
4 ಅಕ್ಟೋಬರ್ 2005

ಉಮಾಪತಿ,

ಕ್ಯಾಮೆರಾ ತಗೊಂಡು ಬಾ. ಕೊಂಡುಕೋಬೇಡ, ಸ್ವಲ್ಪ ದಿನಕ್ಕೆ ಅಂತ ಕೇಳಿ ತಾ. ಅಮ್ಮ ಒಪ್ಪಿದರೆ ಆಮೇಲೆ ನೋಡೋಣ.

ಅಪ್ಪನ ಫೋಟೋ ಇಳಿಸಿ ಗಾಜು ಒರೆಸಿದೆ. ಕಿವಿ ಹಿಂದೆ ನೋಡಿದೆ. ಇವತ್ತು ಹೂ ಅಲ್ಲಿಗೆ ಇಟ್ಟೆ.

ಊಟ ಸರಿಯಾಗಿ ಮಾಡು. ಇನ್ನು ಮೇಲೆ ಇಲ್ಲಿಗೆ ಬಂದರೆ ಅಡುಗೆಮನೇಲಿ ಎಲೆ ಹಾಕ್ತೀನಿ, ನನ್ನ ಎದುರಿಗೆ ಕೂತು ಉಣ್ಣು.

ಅಕ್ಕ

*

ವಾಲ್ಪಾರೈ
27 ಅಕ್ಟೋಬರ್ 2005

ಅಕ್ಕನಿಗೆ ನಮಸ್ಕಾರ.

ನೀನೂ ಭಾವನೂ ತಿರುಪ್ಪೂರಿನ ಮದುವೆಗೆ ಹೋಗಿದ್ದ ದಿನ ಬಂದು ಹೋದೆ. ಏನೇನಾಯ್ತು ಅಂತ ಅಮ್ಮ ಹೇಳಿರ್ತಾಳೆ, ಆದರೆ ಅವಳು ಉಪ್ಪು ಖಾರ ಹಚ್ಚಿ ಹೇಳ್ತಾಳೆ, ನಾನು ನಡೆದದ್ದು ಬರೀತೀನಿ.

ಅಂಗಳದ ಬೇವಿನ ಮರದಡಿ ರಾಟೆ ಇಟ್ಕೊಂಡು ಕೂತಿದ್ದಳು. ನಾನು ಏನೂ ಹೇಳದೆ ಪಕ್ಕದ ಮನೆ ಮೇಕೆಯ ಫೋಟೋ ತೆಗೆದು ಅವಳಿಗೆ ತೋರಿಸಿದೆ. ಪರದೆಯನ್ನ ಮೂಗಿಗೆ ತಾಗಿಸಿಕೊಂಡು ನೋಡಿದಳು. "ಮೇಕೆ ಅಲ್ಲೂ ಅವ್ಳೆ, ಇಲ್ಲೂ ಅವ್ಳೆ" ಅಂದಳು. ಅಳಿಸಿ ತೋರಿಸಿದೆ. ಎಲ್ಲಿ ಹೋಯ್ತು ಅಂದಳು. ಎಲ್ಲೂ ಇಲ್ಲಮ್ಮ, ಹೋಯ್ತು ಅಂದೆ. ಕಾಗದದ ಮ್ಯಾಲೂ ಇಲ್ವಾ? ಇಲ್ಲ. ಆ ಡಬ್ಬಿ ವಟ್ಟೇಲೂ ಇಲ್ವಾ? ಇಲ್ಲ. ಸುಮಾರು ಹೊತ್ತು ಕಂಡಿಕೆ ಸುತ್ತುತಾ ಕೂತಳು. ಆಮೇಲೆ ತಲೆ ಎತ್ತದೆಯೇ, "ಅಳಿಸ್ಬುಡ್ತೀನಿ ಅಂದ್ರೆ ನಂದೂ ಒಂದು ಹಿಡಿ ಕನ್ಲಾ" ಅಂದಳು.

ಹಿಡಿದೆ. ತೋರಿಸಿದೆ. ನೋಡಿದಳು ನೋಡಿದಳು, "ಇದ್ಯಾವ ಮುದ್ಕಿಲಾ?" ಅಂದಳು. ನೀನೇ ಕಣಮ್ಮ ಅಂದೆ. "ನಮ್ಮವ್ವ ಅಲ್ವಾ ಇದು? ಥೇಟು ನಮ್ಮವ್ವ ಕನ್ಲಾ" ಅಂತ ಪರದೆ ಮೇಲೆ ಬೆರಳಾಡಿಸಿದಳು. ಅವಳ ಅವ್ವನ ಫೋಟೋನೂ ಯಾರೂ ತೆಗೆದಿರಲಿಲ್ಲ. ಸಾಯುವಾಗ ಊರಲ್ಲಿ ಕಾಲರಾ, ಫೋಟೋದವನು ಬರಲಿಲ್ಲವಂತೆ. ಇಷ್ಟು ವರ್ಷದ ಮೇಲೆ ಅವ್ವನನ್ನ ನೋಡಿದೆ ಅಂತ ಸೆರಗಲ್ಲಿ ಕಣ್ಣೊರೆಸಿಕೊಂಡಳು, ನನಗೂ ಅಳು ಬಂತು. ಆಮೇಲೆ "ಅಳಿಸು" ಅಂದಳು.

ಅಳಿಸಿದೆ. ಮತ್ತೆ ಒಳಗೆ ಹೋಗಿ ನಿನ್ನ ಹಸಿರು ಸೀರೆ ಉಟ್ಟುಕೊಂಡು ಬಂದಳು, ಇನ್ನೊಂದು ಹಿಡಿ ಅಂದಳು. ಅದನ್ನೂ ಅಳಿಸಿದೆ. ಸೆಲ್ ಮುಗಿಯೋವರೆಗೂ ಇದೇ ಆಟ. ಪ್ರತಿ ಸಲವೂ, "ಅಳಿಸ್ದಾ ಮಗಾ?" ಅಂತ ಕೇಳೋಳು. ಅಳಿಸಿದೆ ಅಮ್ಮ ಅನ್ನೋನು ನಾನು.

ಒಂದೂ ಉಳಿದಿಲ್ಲ. ಹಸಿರು ಸೀರೆಯ ಮಡಿಕೆ ಸರಿಯಿಲ್ಲ ಅಂತ ನೀನು ಹುಡುಕಾಡಿದ್ದರೆ ಕಾರಣ ಇದು.

ಉಮಾಪತಿ

*

ಪೆರಿಯನಾಯಕನಪಾಳ್ಯಂ
21 ನವೆಂಬರ್ 2005

ಉಮಾಪತಿಗೆ,

ದೀಪಾವಳಿಗೆ ಬರ್ತೀಯ ಅಂತ ಅಮ್ಮ ಬಾಗಿಲಲ್ಲೇ ಕೂತಿದ್ದಳು. ಎಸ್ಟೇಟಲ್ಲಿ ಬೋನಸ್ ಕೆಲಸ ಅಂತ ನೀನು ಫೋನ್ ಮಾಡಿದ ಮೇಲೂ, ಬಸ್ಸು ಬಂತಾ ನೋಡು ಅಂತ ನನ್ನನ್ನ ಕಳಿಸಿದಳು. ಈಗ ಬೀದಿಯೋರಿಗೆಲ್ಲ ಅದೇ ಕಥೆ. ನನ್ ಮಗನ ಹತ್ರ ಒಂದು ಡಬ್ಬಿ ಅದೆ, ಅದರಲ್ಲಿ ನಮ್ಮವ್ವ ಬರ್ತಾಳೆ ಅಂತ. ಪಕ್ಕದ ಮನೆ ಕಾಮಾಕ್ಷಿಯಮ್ಮ ನನ್ನನ್ನ ಪಕ್ಕಕ್ಕೆ ಕರೆದು, ಅಮ್ಮನಿಗೆ ಒಂದ್ಸಲ ಡಾಕ್ಟರಿಗೆ ತೋರಿಸು ಅಂದರು.

ನಗು ಇರಲಿ. ಅಮ್ಮನಿಗೆ ಕಾಲು ಊದ್ತಾ ಇದೆ. ಊಟ ಎರಡು ತುತ್ತು. ಡಾಕ್ಟರು ವಯಸ್ಸಿನದು ಅಂತ ಅಂದು ಮಾತ್ರೆ ಬರೆದುಕೊಟ್ಟರು.

ಒಂದು ಮಾತು ಹೇಳ್ತೀನಿ, ಕೇಳು. ಮುಂದಿನ ಸಲ ಬಂದಾಗ ಒಂದನ್ನ ಅಳಿಸಬೇಡ. ಪರದೆ ಕಪ್ಪಗೆ ಮಾಡಿ ಅಳಿಸಿದೆ ಅಂದುಬಿಡು. ಅವಳಿಗೆ ಕಣ್ಣು ಮಂಜು, ಗೊತ್ತಾಗಲ್ಲ. ಮಾತ್ರೆ ನುಂಗಿಸೋಕೆ ದಿನಾ ಎಷ್ಟು ಸುಳ್ಳು ಹೇಳ್ತೀನಿ ನಾನು, ಇದೊಂದು ನಿನ್ನ ಲೆಕ್ಕಕ್ಕೆ ಇರಲಿ. ಪಾಪ ಬಂದರೆ ನನಗೆ ಬರಲಿ.

ನನಗೂ ಬೇಕಾಗಿದೆ ಕಣೋ ಆ ಫೋಟೋ. ಮೊದಲು ಬೇಡ ಅಂದವಳು ನಾನೇ, ಈಗ ನಿನಗಿಂತ ಹೆಚ್ಚು ಆಸೆ ನನಗೇ ಹತ್ತಿದೆ. ಅಪ್ಪನ ಮುಖ ಕಳಕೊಂಡ ಹಾಗೆ ಅಮ್ಮನದೂ ಕಳಕೊಂಡರೆ ನನಗೆ ಯಾರ ಮುಖ ಉಳಿಯುತ್ತೆ ಹೇಳು.

ಲೀಲಮ್ಮ

*

ವಾಲ್ಪಾರೈ
5 ಡಿಸೆಂಬರ್ 2005

ಅಕ್ಕ,

ಸುಳ್ಳು ಹೇಳೋದೇನೂ ಕಷ್ಟವಿಲ್ಲ. ಕ್ಯಾಮೆರಾ ಆರಿಸಿದರೂ ಪರದೆ ಕಪ್ಪು, ಅಳಿಸಿದರೂ ಕಪ್ಪು. ಆದರೆ ಅವಳು ಕೇಳುವಾಗ ನನ್ನ ಮುಖ ನೋಡ್ತಾಳೆ, ಪರದೆ ನೋಡಲ್ಲ. ಅದೇ ಕಷ್ಟ.

ಆಗಲಿ, ಪೊಂಗಲಿಗೆ ಬರ್ತೀನಿ. ನೀನು ಹೇಳಿದ ಹಾಗೇ ಮಾಡ್ತೀನಿ. ನನಗೂ ಬೇರೆ ದಾರಿ ಕಾಣ್ತಿಲ್ಲ.

ಆದರ್ಶನಿಗೆ ಬೇಸಿಗೆಯಲ್ಲಿ ವರ್ಗ ಆಗುತ್ತಂತೆ. ತಗೊಳ್ತೀರೋ ಬಿಡ್ತೀರೋ ಅಂತ ಕೇಳಿದ. ಪೊಂಗಲ್ ಆಗಲಿ ಅಂದಿದ್ದೀನಿ. ಹೊಸ ಸೆಲ್ ತಂದಿಟ್ಟಿದ್ದೀನಿ.

ಭಾವ ಕಳಿಸಿದ ಸ್ವೆಟರ್ ಬಂತು. ಬಣ್ಣ ಅವರ ಮಗ್ಗದ ಸದ್ದಿನ ಹಾಗೇ ಗಟ್ಟಿ, ಮಂಜಿನಲ್ಲೂ ನಾನು ಬರೋದು ದೂರದಿಂದಲೇ ಗೊತ್ತಾಗುತ್ತೆ.

ಉಮಾಪತಿ

*

ಪೆರಿಯನಾಯಕನಪಾಳ್ಯಂ
20 ಜನವರಿ 2006

ಉಮಾಪತಿ,

ಎಲ್ಲರೆದುರಿಗೆ ಕೇಳಬಾರದು ಅಂತ ಸುಮ್ಮನಿದ್ದೆ. ನಾನು ಪೊಂಗಲ್ ಪಾತ್ರೆ ಇಳಿಸೋಕೆ ಅಂತ ಒಳಗೆ ಹೋಗಿ ಬರೋಷ್ಟರಲ್ಲಿ ಏನಾಯ್ತು? ಹಿಡಿದದ್ದು ಉಳಿಸಿದೆಯಾ ಅಂತ ಸನ್ನೆ ಮಾಡಿದೆ, ನೀನು ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಬಸ್ಸು ಹತ್ತುವಾಗಲೂ ಬಾಯಿ ಬಿಡಲಿಲ್ಲ.

ಮಾತು ಕೊಟ್ಟಿದ್ದೆ ತಾನೇ? ಕೆಂಪಂಚಿನ ಸೀರೆ ಉಡಿಸಿ, ತಲೆ ಬಾಚಿ ಕೂರಿಸಿದ್ದೆ ಅವಳನ್ನ. ಎಷ್ಟು ಲಕ್ಷಣವಾಗಿ ಕಾಣ್ತಿದ್ದಳು. ನನಗೆ ರೊಂಬ ಕೋಪ ಬಂದಿದೆ.

ಲೀಲಮ್ಮ

*

ವಾಲ್ಪಾರೈ
1 ಫೆಬ್ರವರಿ 2006

ಅಕ್ಕ,

ಕೋಪ ಮಾಡ್ಕೋ, ಆದರೆ ಪೂರ್ತಿ ಓದು.

ನೀನು ಒಳಗೆ ಹೋದೆ. ನಾನು ಹಿಡಿದೆ. ಚೆನ್ನಾಗಿ ಬಂದಿತ್ತು ಅಕ್ಕ. ಬೇವಿನ ಎಲೆಯ ಬಿಸಿಲು ಮುಖದ ಮೇಲೆ, ಬಾಯಲ್ಲಿ ಎಲೆಅಡಿಕೆ, ಏನೋ ಹೇಳಹೊರಟ ಹಾಗೆ. ಅವಳಿಗೆ ತೋರಿಸಿದೆ. ನೀನು ಹೇಳಿಕೊಟ್ಟ ಹಾಗೆ ಆರಿಸೋ ಗುಂಡಿ ಒತ್ತಿ, ಅಳಿಸಿದೆ ಅಮ್ಮ ಅಂದೆ. ನನ್ನ ಮುಖ ನೋಡಿದಳು. "ಎಲ್ಲಿ, ಆ ಗುಂಡಿ ಯಾವ್ದು ತೋರ್ಸು" ಅಂದಳು.

ಏನು ಮಾಡಲಿ? ಮತ್ತೆ ಹಚ್ಚಿದೆ. ಪರದೆ ಮೇಲೆ ಅವಳೇ ಬಂದಳು. "ಅಳಿಸ್ದೆ ಅಂದೆ?" ಅಂತ ಕೇಳಿದಳು, ಬೈಯಲಿಲ್ಲ. ನಾನು ಆಗ ಎಲ್ಲ ಹೇಳಿಬಿಟ್ಟೆ. ಕುರ್ಚಿ, ಪಂಚೆ, ಅಪ್ಪನ ತಲೆ, ನನ್ನ ಬೆರಳು. ನಿನಗೂ ಹಾಗೆ ಮಾಡೋಕೆ ನನಗೆ ಆಗಲ್ಲ, ಅದಕ್ಕೆ ಇದೊಂದು ಇರಲಿ ಅಂದೆ.

ಅವಳು ನನ್ನ ಬೆರಳು ಒಂದೊಂದಾಗಿ ಹಿಡಿದು ನೋಡಿದಳು. ಆಮೇಲೆ ಅಂದದ್ದು ಇದು, ಅವಳ ಮಾತಲ್ಲೇ ಬರೀತೀನಿ: "ಗ್ವಾಡೆ ಮ್ಯಾಲೆ ಕೂತ್ಕಂಡು ನಿಮ್ಮನ್ನ ನೋಡ್ತಾ ಇರಕ್ಕೆ ನನ್ ಕೈಲಾಗಕಿಲ್ಲ ಕನ್ಲಾ. ನೀವು ಉಂಡ್ರೂ ನೋಡ್ಬೇಕು, ಅತ್ರೂ ನೋಡ್ಬೇಕು, ಎದ್ದು ಬರಂಗಿಲ್ಲ. ನಿಮ್ಮಪ್ಪ ಕೂತವ್ನಲ್ಲ, ಸಾಕು. ನನ್ನ ಕುರ್ಚೀಲಿ ಕೂರುಸ್ಬ್ಯಾಡಿ, ಗ್ವಾಡೇಲೂ ಕೂರುಸ್ಬ್ಯಾಡಿ. ಮಲಗಿಸ್ರಿ."

ನಾನೇ ಅವಳ ಬೆರಳನ್ನ ಅಳಿಸೋ ಗುಂಡಿ ಮೇಲೆ ಇಟ್ಟೆ. ಒತ್ತಿದಳು. ರಾಟೆ ತಿರುಗಿಸೋ ಕೈ, ಒಂದೇ ಸಲಕ್ಕೆ ಕಲಿತಳು. ಹೋಯ್ತು.

ಅಷ್ಟರಲ್ಲಿ ನೀನು ಪಾತ್ರೆ ಇಳಿಸಿ, ಬೆವರು ಒರೆಸ್ಕೊಂಡು ಬಂದೆ. ಆಮೇಲಿನದು ನೀನೂ ಕಂಡದ್ದೇ. ಫೋಟೋ ಹಿಡಿಯೋ ಗುಂಡಿ ಯಾವುದು ಅಂತ ಕೇಳಿದಳು, ನಮ್ಮಿಬ್ಬರನ್ನೂ ಮರದ ಕೆಳಗೆ ನಿಲ್ಲು ಅಂದಳು. ಕ್ಯಾಮೆರಾನ ಎರಡು ಕೈಯಲ್ಲೂ ಚೊಂಬು ಹಿಡಿದ ಹಾಗೆ ಹಿಡಿದಿದ್ದಳು. ನೀನು ಸೆರಗು ಸರಿಮಾಡ್ಕೊಳ್ತಿದ್ದೆ, ಭುಜಕ್ಕೆ ಭುಜ ತಾಗ್ಲಿ ಅಂತ ಗದರಿಸಿದಳು. ಅದನ್ನ ನೋಡಿ, "ಇದ ಮಾತ್ರ ಅಳಿಸ್ಬ್ಯಾಡ" ಅಂದಳು. ಅದು ಇನ್ನೂ ಕ್ಯಾಮೆರಾದಲ್ಲೇ ಇದೆ. ನಮ್ಮ ತಲೆ ಅರ್ಧ ಕತ್ತರಿಸಿಹೋಗಿದೆ. ಪರದೆ ಚಿಕ್ಕದು, ಬೇರೇನೂ ಸರಿಯಾಗಿ ಕಾಣಲ್ಲ.

ಅಮ್ಮನ ಫೋಟೋ ಇಲ್ಲ ಅಕ್ಕ. ಬಂದಿದ್ದನ್ನೂ ಕಳಕೊಂಡೆ. ಆದರೆ ಅವಳ ಎದುರು ಕೂತು ಮತ್ತೊಂದು ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ.

ಉಮಾಪತಿ

*

ಪೆರಿಯನಾಯಕನಪಾಳ್ಯಂ
6 ಏಪ್ರಿಲ್ 2006

ಉಮಾಪತಿಗೆ ಅಕ್ಕನ ಆಶೀರ್ವಾದ.

ಅಮ್ಮನ ಕಾರ್ಯವೆಲ್ಲ ಮುಗಿಸಿ ನೀನು ಹೊರಟ ಮೇಲೆ ಮನೆ ಬಿಕೋ ಅಂತಿದೆ. ಫೋನ್ ಬಂದರೆ ಈಗಲೂ ಮೆಲ್ಲಗೆ ಮಾತಾಡ್ತೀನಿ, ಮಂಚ ಖಾಲಿ ಅಂತ ಆಮೇಲೆ ನೆನಪಾಗುತ್ತೆ. ಇನ್ನು ನಾವು ಕಾಗದ ಬರೆಯೋ ಅಗತ್ಯವೇ ಇಲ್ಲ ನೋಡು. ಆದರೂ ಬರೀತಿದ್ದೀನಿ. ನಿಲ್ಲಿಸಬೇಡ.

ನೀನು ಬಂದು ಸೇರೋ ಮೊದಲು ನಡೆದದ್ದು ಹೇಳಿರಲಿಲ್ಲ. ಬೆಳಗ್ಗೆ ಕಾಫಿ ಕೊಡೋಕೆ ಹೋದೆ, ಅಮ್ಮ ಗೋಡೆ ಕಡೆ ತಿರುಗಿ ಮಲಗಿದ್ದಳು, ಹಾಗೇ ಹೋಗಿಬಿಟ್ಟಿದ್ದಳು. ಎಸ್ಟೇಟಿಗೆ ಫೋನ್ ಮಾಡಿಸಿ ತಿರುಗೋಷ್ಟರಲ್ಲಿ ನಿಮ್ಮ ಭಾವ ಪ್ರಭಾಕರನ್‌ನ ಕರೆತಂದಿದ್ದರು. ಅವರದು ತಪ್ಪಲ್ಲ, ಎಲ್ಲರೂ ಮಾಡೋದು ತಾನೇ. ಕುರ್ಚಿ ಹಾಕಿದ್ದರು. ಯಾರೋ ನನ್ನ ಬೀರುವಿಂದ ಬಿಳೀ ಸೀರೆ ತಂದು ಹಿಂದೆ ಕಟ್ಟೋಕೆ ನೋಡ್ತಿದ್ದರು. ಮಗ ಎಷ್ಟೊತ್ತಿಗೆ ಬರ್ತಾನೆ ಅಂತ ಕೇಳ್ತಿದ್ದರು.

ನಾನು ಹೋಗಿ ಆ ಕುರ್ಚಿಯಲ್ಲಿ ಕೂತುಬಿಟ್ಟೆ. ಹೊತ್ತಾಗುತ್ತೆ ಏಳು ಅಂದರು. ಏಳಲ್ಲ ಅಂದೆ. ಅಮ್ಮನನ್ನ ಕೂರಿಸಬಾರದು, ಮಲಗಿಸಿ, ಅವಳೇ ಹೇಳಿದ್ದಾಳೆ ಅಂದೆ. ಪ್ರಭಾಕರನ್ ಒಳ್ಳೆಯವನು, "ಪರವಾಯಿಲ್ಲೆ ಅಮ್ಮಾ" ಅಂತ ಕ್ಯಾಮೆರಾ ಚೀಲದೊಳಗೆ ಇಟ್ಟುಕೊಂಡು, ಅಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ನೀನು ಬಂದಾಗ ಅಂಗಳದಲ್ಲಿ ಕುರ್ಚಿ ಹುಡುಕ್ತಾ ಇತ್ತು ನಿನ್ನ ಕಣ್ಣು, ನಾನು ನೋಡಿದೆ. ಅದನ್ನ ಆಗಲೇ ಮಹಡಿ ಮೇಲೆ ಹಾಕಿಸಿದ್ದೆ.

ನಿನ್ನ ಮೇಲಿನ ಕೋಪ ಪೂರ್ತಿ ಹೋಗಿಲ್ಲ. ಒಂದೇ ಒಂದು ಉಳಿಸಿದ್ದರೆ ಅಂತ ಈಗಲೂ ಅನ್ನಿಸುತ್ತೆ. ಅವಳ ಹೂ ಎಲ್ಲಿಗೆ ಇಡಲಿ ಅಂತ ಗೊತ್ತಾಗದೆ ರಾಟೆ ಮೇಲೆ ಇಡ್ತಿದ್ದೀನಿ.

ಕ್ಯಾಮೆರಾ ಇನ್ಯಾಕೆ? ಆದರ್ಶನಿಗೆ ವಾಪಸ್ ಕೊಟ್ಟುಬಿಡು.

ಲೀಲಮ್ಮ

*

ವಾಲ್ಪಾರೈ
14 ಮೇ 2006

ಅಕ್ಕ,

ವಾಪಸ್ ಕೊಡೋಣ ಅಂತಲೇ ತೆಗೆದೆ. ಅದರಲ್ಲಿ ನಮ್ಮಿಬ್ಬರ ಫೋಟೋ ಇದೆಯಲ್ಲ, ಅದನ್ನ ಪ್ರಿಂಟ್ ಹಾಕಿಸಿ ಕೊಡೋಣ ಅಂತ ಕೊಯಮತ್ತೂರಿಗೆ ಹೋದೆ. ಅಲ್ಲಿ ಗಣಪತಿ ಏರಿಯಾದ ಒಂದು ಅಂಗಡಿಯಲ್ಲಿ ವೈರು ಹಾಕಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದರು. ಆಗಲೇ ಕಂಡಿದ್ದು. ಚಿತ್ರದ ಬಲಗಡೆ ಮೂಲೆಯಲ್ಲಿ ಕೆಂಪು ಕೆಂಪಗೆ, ಮಂಜಾಗಿ, ದೊಡ್ಡದಾಗಿ ಏನೋ ಇದೆ. ಅಮ್ಮನ ಬೆರಳು. ಚೊಂಬಿನ ಹಾಗೆ ಹಿಡಿದಿದ್ದಳಲ್ಲ, ಒಂದು ಬೆರಳು ಕ್ಯಾಮೆರಾದ ಕಣ್ಣಿಗೆ ಅಡ್ಡ ಬಂದಿದೆ.

ಕಂಪ್ಯೂಟರ್ ಮುಂದಿದ್ದವನು, ಅದನ್ನ ಸುಲಭವಾಗಿ ತೆಗೆದುಬಿಡಬಹುದು ಸಾರ್, ಬೇವಿನ ಎಲೆ ತುಂಬಿಸಿದರೆ ಯಾರಿಗೂ ಗೊತ್ತಾಗಲ್ಲ, ತೆಗೀಲಾ ಅಂದ. ನಾನು ಜೋರಾಗಿ ಬೇಡ ಅಂದುಬಿಟ್ಟೆ. ಅಂಗಡಿಯಲ್ಲಿದ್ದೋರೆಲ್ಲ ತಿರುಗಿ ನೋಡಿದರು.

ಪ್ರಿಂಟ್ ಇದರ ಜೊತೆ ಇಟ್ಟಿದ್ದೀನಿ. ಹಳೇ ಕ್ಯಾಮೆರಾ, ಚೊಕ್ಕ ಬಂದಿಲ್ಲ. ನಮ್ಮಿಬ್ಬರದೂ ಹಣೆಯಿಂದ ಮೇಲಕ್ಕಿಲ್ಲ. ಆದರೆ ನೋಡು, ನಿನ್ನ ಕಣ್ಣೂ ನನ್ನ ಕಣ್ಣೂ ಎಲ್ಲಿ ನೋಡ್ತಿವೆ ಅಂತ.

ಆದರ್ಶ್ ಮುಂದಿನ ತಿಂಗಳು ಹೊರಡ್ತಾನೆ. ಕೊಟ್ಟುಬಿಡಲಾ?

ಉಮಾಪತಿ

*

ಪೆರಿಯನಾಯಕನಪಾಳ್ಯಂ
28 ಮೇ 2006

ಉಮಾಪತಿಗೆ ಅಕ್ಕನ ಆಶೀರ್ವಾದ.

ಫೋಟೋ ಬಂತು. ಅಡುಗೆಮನೆಗೆ ಹೋಗಿ ಬಾಗಿಲು ಹಾಕ್ಕೊಂಡು ನೋಡಿದೆ. ನಿಮ್ಮ ಭಾವ ಬಾಗಿಲು ತಟ್ಟಿ, ತಮ್ಮ ಏನು ಬರೆದಿದ್ದಾನೆ, ಯಾಕೆ ಅಳ್ತಿದ್ದೀಯ ಅಂದರು. ಈ ಸಲ ಸುಳ್ಳು ಹೇಳಲಿಲ್ಲ, ಮೊದಲಿಂದ ಎಲ್ಲ ಕಾಗದವನ್ನೂ ಓದಿ ಹೇಳಿದೆ. ಸ್ವೆಟರಿನ ವಿಷಯಕ್ಕೆ ಮಾತ್ರ ಸ್ವಲ್ಪ ಮುನಿಸ್ಕೊಂಡರು. ಅವರೇ ಹೋಗಿ ಫೋಟೋಗೆ ಕಟ್ಟು ಹಾಕಿಸಿ ತಂದರು.

ಗೋಡೇಲಿ ಕೂರಿಸಬೇಡಿ ಅಂದಿದ್ದಳಲ್ಲ, ಅಪ್ಪನ ಪಕ್ಕ ಹಾಕಲಿಲ್ಲ. ರಾಟೆ ಪಕ್ಕ ಗೂಡಿನಲ್ಲಿ ಒರಗಿಸಿಟ್ಟಿದ್ದೀನಿ. ಬಂದೋರೆಲ್ಲ, ಅಕ್ಕತಮ್ಮಂದಿರ ಫೋಟೋನಾ, ತಲೆ ಯಾಕೆ ಹೀಗೆ ಹೋಗಿದೆ ಅಂತ ಕೇಳ್ತಾರೆ. ಅಮ್ಮನದು ಒಂದೂ ಇಲ್ವಾ ಅಂತ ಕಾಮಾಕ್ಷಿಯಮ್ಮ ಕೇಳಿದರು. ಆ ಮೂಲೆ ಮೇಲೆ ಬೆರಳಿಟ್ಟು ತೋರಿಸಿದೆ. ಸುಮಾರು ಹೊತ್ತು ನೋಡಿ, ಕೈ ಮುಗಿದು ಹೋದರು.

ಕ್ಯಾಮೆರಾ ವಾಪಸ್ ಕೊಡಬೇಡ, ಕೊಂಡುಕೋ. ಹಳೇದಾದರೆ ಹಳೇದು. ಆಡಿ ಹಬ್ಬಕ್ಕೆ ಬರುವಾಗ ಹೊಸ ಸೆಲ್ ಹಾಕಿ ತಾ. ನಮ್ಮ ಮನೇಲಿ ಇದ್ದೋರ ಫೋಟೋ ತೆಗೆಯೋ ಅಭ್ಯಾಸ ಇಲ್ಲ, ಇನ್ನು ಮೇಲೆ ಇರಲಿ. ನಿಮ್ಮ ಭಾವನದು ನೀನು ತೆಗಿ, ನಿನ್ನದು ನಾನು ತೆಗೀತೀನಿ, ಆ ಸ್ವೆಟರ್ ಹಾಕ್ಕೊಂಡು ನಿಲ್ಲು. ಆಮೇಲೆ ನನ್ನದೂ ಒಂದು ತೆಗಿ. ನಾನೂ ಅಮ್ಮನ ಮಗಳೇ, ಚೆನ್ನಾಗಿ ಬಂದಿಲ್ಲ ಅಂತೀನಿ, ಬೇಡ ಅಂತೀನಿ, ಗಲಾಟೆ ಮಾಡ್ತೀನಿ.

ಅಳಿಸೋ ಗುಂಡಿ ಮಾತ್ರ ನನಗೆ ತೋರಿಸಬೇಡ.

ನಿನ್ನ ಅಕ್ಕ,
ಲೀಲಮ್ಮ